ಅರಿಶಿಣಕಾಳಿನ ಸುಗ್ಗಿ

ಸಿರುಗುಪ್ಪ ಇನ್ನೂ ಒಂದೆರಡು ಮೈಲಿ ದೂರವಿರುವಾಗಲೇ ಬಸ್ಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಭತ್ತ ಬೇಯುವ ವಾಸನೆ. ಊರ ಹೊರಗಿನ ಅಕ್ಕಿ ಮಿಲ್ಲುಗಳಲ್ಲಿ ಸುಗ್ಗಿಯ ಕಾಲಕ್ಕೆ ಹಗಲೆಲ್ಲ ಭತ್ತವನ್ನು ಹಬೆಯಲ್ಲಿ ಬೇಯಿಸುತ್ತಾರೆ. ನೆನೆದ ಹೊಟ್ಟು, ಬಿಸಿನೀರು, ಸ್ವಲ್ಪ ಹುಳಿ, ಮೇಲೊಂದಿಷ್ಟು ಹೊಗೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಹನ್ನೊಂದು ವರ್ಷದ ಹಿಂದೆ ಒಂದಿಡೀ ಸುಗ್ಗಿಯನ್ನು ಈ ವಾಸನೆಯಲ್ಲೇ ಕಳೆದಿದ್ದೆ. ಆಗ ಸಂಜೆ ಜಡೆ ಬಿಚ್ಚಿದರೆ ಕೂದಲಿಂದ ಬರುತ್ತಿದ್ದುದೂ ಇದೇ.

ಈ ಸಲ ಬಂದ ಕೆಲಸ ಚಿಕ್ಕದು. ಒಂದು ಮಿಲ್ಲಿನಲ್ಲಿ ಅಕ್ಕಿ ಆರಿಸುವ ಯಂತ್ರದ ಕ್ಯಾಮೆರಾ ಮುಂದಿನ ಗಾಜು ಮಂಕಾಗಿದೆಯೆಂದು ದೂರು ಬಂದಿತ್ತು. ಅಂಥ ಕೆಲಸಕ್ಕೆ ಕಿರಿಯ ಎಂಜಿನಿಯರುಗಳು ಹೋಗುವುದು ವಾಡಿಕೆ. ನಾನೇ ಹೋಗುತ್ತೇನೆ ಎಂದಾಗ ಆಫೀಸಿನಲ್ಲಿ ಎಲ್ಲರೂ ನನ್ನ ಮುಖ ನೋಡಿದರು. “ಆ ಯಂತ್ರ ನನ್ನದು, ಹುಟ್ಟಿದ್ದು ಆ ಊರಲ್ಲೇ” ಎಂದೆ. ಅದು ಅರ್ಧ ನಿಜ. ಉಳಿದರ್ಧ ಕುರುಗೋಡಿನಲ್ಲಿತ್ತು, ಅಲ್ಲಿಗೆ ಹೋಗುವ ಧೈರ್ಯ ನನಗೆ ಇಷ್ಟು ವರ್ಷ ಬಂದಿರಲಿಲ್ಲ.

ನಾನು ಬೆಳಕಿನ ಉಪಕರಣಗಳನ್ನು ವಿನ್ಯಾಸ ಮಾಡುವವಳು. ಬಳ್ಳಾರಿಯ ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನಮ್ಮಪ್ಪ ಅಟೆಂಡರ್ ಆಗಿದ್ದರು. ಪರೀಕ್ಷೆಗೆ ಮುಂಚೆ ಸ್ಪೆಕ್ಟ್ರೋಮೀಟರುಗಳನ್ನು ಒರೆಸಿ, ಮಟ್ಟ ಹಿಡಿದು, ದುರ್ಬೀನನ್ನು ಬೆಳಕು ಬರುವ ಸೀಳಿಗೆ ನೇರ ಮಾಡಿಡುವುದು ಅವರ ಕೆಲಸ. ರಜೆಯಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಸೋಡಿಯಂ ದೀಪದ ಒಂದು ಹಳದಿ ಗೆರೆ ಕಣ್ಣೆದುರೇ ಎರಡಾಗಿ ಬಿಡಿಸಿಕೊಳ್ಳುವುದನ್ನು ನಾನು ಏಳನೇ ಕ್ಲಾಸಿನಲ್ಲೇ ನೋಡಿದೆ. ಆವತ್ತೇ ನನ್ನ ದಾರಿ ಗೊತ್ತಾಗಿಹೋಯಿತು. “ಉಪಕರಣ ಸುಳ್ಳು ಹೇಳಂಗಿಲ್ಲ ಸುಜಾತಾ, ಅದನ್ನ ಇಟ್ಟೋರು ಹೇಳ್ತಾರ” ಎಂದು ಅಪ್ಪ ಹೇಳುತ್ತಿದ್ದರು. ನಾನು ಎಂ.ಎಸ್ಸಿ. ಮುಗಿಸಿ, ಬೆಳಕಿನ ಚದುರುವಿಕೆಯ ಮೇಲೆ ಪಿಎಚ್.ಡಿ. ಮಾಡಿದೆ. ಕೆಲವು ವರ್ಷ ಕಣ್ಣು ಪರೀಕ್ಷಿಸುವ ಉಪಕರಣಗಳ ಕಂಪನಿಯಲ್ಲಿದ್ದು, ಆಮೇಲೆ ಧಾನ್ಯ ಆರಿಸುವ ಯಂತ್ರ ಮಾಡುವ ಒಂದು ಸಣ್ಣ ಸಂಸ್ಥೆ ಸೇರಿದೆ. ಹೊರದೇಶದ ದೊಡ್ಡ ಯಂತ್ರಗಳು ನಮ್ಮ ಸಣ್ಣ ಮಿಲ್ಲಿನವರ ಕೈಗೆಟಕುತ್ತಿರಲಿಲ್ಲ. ಅವರಿಗಾಗಿ ಇಲ್ಲೇ ಒಂದನ್ನು ಕಟ್ಟಬೇಕು ಎಂಬುದು ನಮ್ಮ ಹಟ. ಆ ವರ್ಷ ನನಗೆ ಮೂವತ್ತಾರು. ದೀಪಾವಳಿ ಮುಗಿದ ವಾರ ಮಾದರಿ ಯಂತ್ರವನ್ನು ಲಾರಿಯಲ್ಲಿ ಹೇರಿಸಿಕೊಂಡು ಸಿರುಗುಪ್ಪಕ್ಕೆ ಬಂದಿಳಿದೆ.

ಮಿಲ್ಲಿನ ಮಾಲೀಕರು ಸತ್ಯಂ ಸಾವ್ಕಾರ್ರು. ಕಾಲುವೆಗೆ ನೀರು ಬಂದ ಕಾಲದಲ್ಲಿ ಅವರ ತಾತ ಆಂಧ್ರದ ಕಡೆಯಿಂದ ಬಂದು ವಲಸಿಗ ರೈತರ ಕ್ಯಾಂಪಿನಲ್ಲಿ ನೆಲೆಸಿದವರು. ಮನೆಯಲ್ಲಿ ತೆಲುಗು, ಮಿಲ್ಲಿನಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ನನ್ನನ್ನು ನೇರ ಹಿಂದಿನ ಪಡಸಾಲೆಗೆ ಕರೆದೊಯ್ದರು. ಅಲ್ಲಿ ಆರು ಜನ ಹೆಂಗಸರು ಸಾಲಾಗಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

“ನಿಮ್ಮ ಮಿಷನ್ನಿಗೆ ಗುರು ಬೇಕಂದ್ರಲ್ಲ ಮೇಡಂ? ಇಕಿ ನೋಡ್ರಿ, ಹುಲಿಗೆಮ್ಮ. ಇಕಿ ಕಣ್ಣು ಅಂದ್ರ ಕಣ್ಣು” ಎಂದರು.

ಹುಲಿಗೆಮ್ಮ ತಲೆಯೆತ್ತಿದಳು. ಐವತ್ತು ದಾಟಿದ ಒಣಕಲು ಜೀವ, ಹಣೆಯಲ್ಲಿ ಅರಿಶಿಣ ಭಂಡಾರದ ದೊಡ್ಡ ಬೊಟ್ಟು, ದವಡೆಯಲ್ಲಿ ಎಲೆಯಡಿಕೆ. ಗಂಡ ತೀರಿ ಬಹಳ ವರ್ಷವಾಗಿತ್ತು. ದಿನಾ ಹಚ್ಚೊಳ್ಳಿಯಿಂದ ಬಸ್ಸಿಗೋ, ದಾರಿಯಲ್ಲಿ ಸಿಕ್ಕ ಟ್ರ್ಯಾಕ್ಟರಿಗೋ ಬರುತ್ತಿದ್ದಳು. ನನ್ನ ಕೈಯಲ್ಲಿದ್ದ ಪುಸ್ತಕ, ಕೊರಳಲ್ಲಿದ್ದ ಭೂತಗನ್ನಡಿ ಎರಡನ್ನೂ ನೋಡಿ, “ಏನ್ರೀ ಮೇಡಮ್ಮ, ಅಕ್ಕಿ ಆರ್ಸೋದು ಕಲಿಯಾಕ ಇಷ್ಟು ಓದಬೇಕೇನ್ರಿ?” ಎಂದಳು. ಉಳಿದ ಐವರೂ ಗೊಳ್ಳೆಂದು ನಕ್ಕರು. ನಾನೂ ನಕ್ಕು ಅವಳ ಪಕ್ಕದಲ್ಲೇ ಗೋಣಿ ಹಾಸಿಕೊಂಡು ಕುಳಿತೆ. ಒಂದು ವಾರದೊಳಗೆ “ಮೇಡಮ್ಮ” ಹೋಗಿ “ಯವ್ವಾ” ಬಂತು, “ರೀ” ಹೋಗಿ “ನೀ” ಬಂತು. ನಾನು ಅವಳನ್ನು ಯಕ್ಕಾ ಎನ್ನತೊಡಗಿದೆ.

ಅವಳಿಗೆ ಒಂದೊಂದು ಕೆಟ್ಟ ಕಾಳಿಗೂ ಒಂದೊಂದು ಹೆಸರಿತ್ತು. ತುದಿ ಕಪ್ಪಾದದ್ದು ಕರಿಮೂತಿ. ಹೊಟ್ಟೆ ಬೆಳ್ಳಗಾದದ್ದು ಸುಣ್ಣಕಾಳು. ರಾಶಿಯಲ್ಲಿ ಬಿಸಿಯೇರಿ ಹಳದಿ ತಿರುಗಿದ್ದು ಅರಿಶಿಣಕಾಳು. ನಾನು ಅವಳು ತೆಗೆದು ಕೊಟ್ಟಿದ್ದನ್ನೆಲ್ಲ ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಹಾಕಿ, ಒಂದೊಂದನ್ನೇ ಫೋಟೊ ತೆಗೆದು ಯಂತ್ರಕ್ಕೆ ಪಾಠ ಮಾಡುತ್ತಿದ್ದೆ. ಯಂತ್ರದಲ್ಲಿ ಅಕ್ಕಿ ಜಾರುಪಟ್ಟಿಯಿಂದ ಧಾರೆಯಾಗಿ ಇಳಿಯುತ್ತದೆ. ಕ್ಯಾಮೆರಾ ಕೆಟ್ಟ ಕಾಳನ್ನು ಕಂಡಕೂಡಲೇ ಸಣ್ಣ ಕೊಳವೆಯಿಂದ ಗಾಳಿ ಊದಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಕರಿಮೂತಿಯನ್ನು ಅದು ಎರಡೇ ದಿನದಲ್ಲಿ ಕಲಿಯಿತು. ಅರಿಶಿಣಕಾಳು ಮಾತ್ರ ಅದರ ಕಣ್ಣಿಗೆ ಬೀಳಲೊಲ್ಲದು. ದೀಪ ಹೆಚ್ಚಿಸಿದೆ, ಲೆನ್ಸ್ ಬದಲಿಸಿದೆ, ಲೆಕ್ಕಗಳನ್ನು ಮತ್ತೆ ಮತ್ತೆ ಮಾಡಿದೆ. ಒಳ್ಳೆಯ ಕಾಳು ಹೊರಗೆ, ಹಳದಿ ಕಾಳು ಒಳಗೆ. ಸಾವ್ಕಾರ್ರು ಪಕ್ಕದಲ್ಲಿ ನಿಂತು ಒಂದು ಹಿಡಿ ಅಕ್ಕಿ ತೆಗೆದು ನೋಡಿ ವಾಪಸ್ ಸುರಿದು ಹೋಗುತ್ತಿದ್ದರು.

ಡಿಸೆಂಬರಿನಲ್ಲಿ ಸಮುದ್ರದ ಕಡೆ ಚಂಡಮಾರುತ ಎದ್ದು ನಮ್ಮಲ್ಲಿ ಮೂರು ದಿನ ಮೋಡ ಮುಸುಕಿತು. ಕೊಯ್ದು ಹಾಕಿದ ಭತ್ತ ನೆನೆದೀತೆಂದು ರೈತರು ಟ್ರ್ಯಾಕ್ಟರುಗಳನ್ನು ಒಂದರ ಹಿಂದೊಂದು ತಂದು ಮಿಲ್ಲಿನ ಗೇಟಿಗೆ ನಿಲ್ಲಿಸಿದ್ದರು. ಎಲ್ಲರಿಗೂ ಆತಂಕ. ಹುಲಿಗೆಮ್ಮ ಮಾತ್ರ ಪಡಸಾಲೆಯ ಅಂಚಿಗೆ ಸರಿದು ಖುಷಿಯಿಂದ ಕುಳಿತಿದ್ದಳು.

“ಇವತ್ತು ಅರಿಶಿಣಕಾಳು ತಾವಾಗಿ ಎದ್ದು ಬರ್ತಾವ ನೋಡವ್ವ.”

“ಯಾಕ ಯಕ್ಕಾ?”

“ಯಾಕಂತ ನಾ ಏನ್ ಹೇಳ್ಲಿ? ಹೊತ್ತು ಹುಟ್ಟಿದಾಗಿನ ಬಿಸಿಲು ಹಳದಿ ಇರ್ತೈತಿ. ಹಳದಿ ಬೆಳಕಿನ್ಯಾಗ ಹಳದಿ ಕಾಳು ಅಡಗಿ ಕುಂದರ್ತೈತಿ. ಮೋಡದ ಬೆಳಕು ನೀಲಿ. ನೀಲಿಯಾಗ ಅಡಗಾಕ ಅದಕ್ಕ ಜಾಗ ಎಲ್ಲೈತಿ?”

ನನ್ನ ಕೈಯಲ್ಲಿದ್ದ ಚಹಾದ ಲೋಟ ಹಾಗೇ ನಿಂತಿತು. ಹಳದಿ ವಸ್ತು ನೀಲಿ ಬೆಳಕನ್ನು ನುಂಗಿ ಕಪ್ಪಗೆ ಕಾಣುತ್ತದೆ ಎಂಬುದು ನಾನು ನೂರು ಸಲ ಬೋರ್ಡಿನ ಮೇಲೆ ಬರೆದ ಪಾಠ. ಬಿಳಿ ದೀಪವನ್ನು ಹೆಚ್ಚು ಹೆಚ್ಚು ಉರಿಸುವ ಗುಂಗಿನಲ್ಲಿ ಅದು ನನಗೇ ಮರೆತುಹೋಗಿತ್ತು. ಅಪ್ಪನಿಗೆ ಫೋನು ಮಾಡಿ ಬಳ್ಳಾರಿಯಿಂದ ನೀಲಿ ಎಲ್‌ಇಡಿ ಪಟ್ಟಿಗಳನ್ನು ಬಸ್ಸಿಗೆ ಹಾಕಿ ಕಳಿಸಲು ಹೇಳಿದೆ. ಮಾರನೆಯ ದಿನ ಮಧ್ಯಾಹ್ನ ಅವನ್ನು ಕೂರಿಸಿ ಅಕ್ಕಿ ಬಿಟ್ಟೆವು. ಗಾಳಿಯ ಕೊಳವೆಗಳು ಪಟಪಟ ಸದ್ದು ಮಾಡಿದವು, ಪಕ್ಕದ ತೊಟ್ಟಿಯಲ್ಲಿ ಅರಿಶಿಣಕಾಳು ರಾಶಿ ಬಿತ್ತು. ಸಾವ್ಕಾರ್ರು ತೆಲುಗಿನಲ್ಲೇನೋ ಕೂಗಿದರು. ಹುಲಿಗೆಮ್ಮ ಒಂದು ಹಿಡಿ ತೆಗೆದುಕೊಂಡು, ಅಂಗೈಯಲ್ಲಿ ಹರಡಿ, “ಕಲ್ತುಬಿಡ್ತಲ್ಲ ಯವ್ವಾ!” ಎಂದಳು. ತನ್ನ ಮಗು ಮೊದಲ ಸಲ ನಿಂತಾಗ ತಾಯಿ ಹೇಳುವಂತೆ ಹೇಳಿದಳು. ಅದು ಕಲಿತರೆ ಆ ಪಡಸಾಲೆಯಲ್ಲಿ ಆರು ಮೊರಗಳಿಗೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಪರೀಕ್ಷೆಯ ದಿನ ಬಂತು. ಯಂತ್ರ ಎಷ್ಟು ತಪ್ಪು ಮಾಡುತ್ತದೆ, ಮನುಷ್ಯರು ಎಷ್ಟು ಮಾಡುತ್ತಾರೆ ಎಂದು ಹೋಲಿಸಿ ವರದಿ ಕೊಡಬೇಕಿತ್ತು. ಆರು ತಟ್ಟೆಗಳಲ್ಲಿ ಒಳ್ಳೆಯ ಅಕ್ಕಿಗೆ ಎಣಿಸಿದ ಕೆಟ್ಟ ಕಾಳು ಬೆರೆಸಿದೆ. ಆರಿಸುವ ಮುಂಚೆ ಮತ್ತು ಆರಿಸಿದ ಮೇಲೆ ಮೇಲಿನಿಂದ ಫೋಟೊ ತೆಗೆಯಬೇಕಲ್ಲ, ಅದಕ್ಕಾಗಿ ತಟ್ಟೆಗಳು ಅಲುಗದಂತೆ ಮೇಜಿಗೆ ಸ್ಕ್ರೂ ಹಾಕಿ ಬಿಗಿಸಿದೆ. ಹೆಂಗಸರು ಸ್ಟೂಲಿನ ಮೇಲೆ ಕುಳಿತು ನಾಚಿಕೊಳ್ಳುತ್ತಲೇ ಆರಿಸಿದರು. ಹುಲಿಗೆಮ್ಮ ಯಾಕೋ ಚಡಪಡಿಸುತ್ತಿದ್ದಳು. “ಇದು ತಿರಗಂಗಿಲ್ಲೇನವ್ವ?” ಎಂದು ಒಮ್ಮೆ ಕೇಳಿದಳು. “ಇಲ್ಲ ಯಕ್ಕಾ, ಫೋಟೊಕ್ಕ ಹಂಗ ಇರಬೇಕು” ಎಂದೆ.

ಎಲ್ಲರಿಗಿಂತ ಹೆಚ್ಚು ಕಾಳು ಬಿಟ್ಟವಳು ಅವಳು. ನನಗೆ ಕಸಿವಿಸಿಯಾಯಿತು. ಆದರೆ ವರದಿ ಕಾಯುತ್ತಿತ್ತು. ಹೆಸರು, ಅದರ ಮುಂದೆ ಬಿಟ್ಟ ಕಾಳಿನ ಸಂಖ್ಯೆ, ಹೀಗೆ ಪಟ್ಟಿ ಮಾಡಿ ಸಂಜೆ ಐದಕ್ಕೆ ನಮ್ಮ ಆಫೀಸಿಗೂ ಸಾವ್ಕಾರ್ರಿಗೂ ಮೇಲ್ ಮಾಡಿಬಿಟ್ಟೆ.

ಮರುದಿನ ಬೆಳಿಗ್ಗೆ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತಿದ್ದಾಗ ಅವಳ ತಟ್ಟೆ ಕಣ್ಣಿಗೆ ಬಿತ್ತು. ಉಳಿದವರು ಬಿಟ್ಟ ಕಾಳುಗಳು ತಟ್ಟೆಯ ತುಂಬ ಅಲ್ಲಲ್ಲಿ ಚೆಲ್ಲಿದ್ದವು. ಹುಲಿಗೆಮ್ಮ ಬಿಟ್ಟವೆಲ್ಲ ಒಂದೇ ಕಡೆ, ಅವಳ ಎಡಕ್ಕೆ, ಮಡಿಲಿನತ್ತ ಇರುವ ಮೂಲೆಯಲ್ಲಿ. ಮಿಕ್ಕ ಕಡೆ ಒಂದೂ ಇಲ್ಲ. ಕಣ್ಣಿನ ಉಪಕರಣಗಳ ನಡುವೆ ಕೆಲಸ ಮಾಡಿದ ನನಗೆ ಅದು ಏನೆಂದು ಹೇಳಿಕೊಡಬೇಕಿರಲಿಲ್ಲ. ಅವಳ ನೋಟದಲ್ಲಿ ಒಂದು ಜಾಗ ಸತ್ತಿತ್ತು. ಅಂಥ ಜಾಗ ಕಪ್ಪಗೆ ಕಾಣುವುದಿಲ್ಲ. ಸುತ್ತ ಏನಿದೆಯೋ ಅದರಿಂದಲೇ ಮಿದುಳು ಅದನ್ನು ತುಂಬಿಬಿಡುತ್ತದೆ. ಅಕ್ಕಿಯ ಮುಂದೆ ಕುಳಿತವಳಿಗೆ ಅಲ್ಲಿ ಬರೀ ಒಳ್ಳೆಯ ಅಕ್ಕಿ ಕಂಡಿರುತ್ತದೆ.

ಆಗ ಇನ್ನೊಂದು ಹೊಳೆಯಿತು. ಅವಳು ಮೊರವನ್ನು ಯಾವಾಗಲೂ ಮೂರು ಸಲ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅದು ಅವಳ ಕಸುಬಿನ ಗುಟ್ಟೆಂದು ಬಗೆದು ಉಳಿದವರೂ ಹಾಗೇ ಮಾಡುತ್ತಿದ್ದರು. ಕಾಣದ ಜಾಗವನ್ನು ಗೆಲ್ಲಲು ಅವಳ ಕೈ ತಾನಾಗಿ ಕಂಡುಕೊಂಡ ಉಪಾಯ ಅದು. ನಾನು ಅದನ್ನೇ ಸ್ಕ್ರೂ ಹಾಕಿ ನಿಲ್ಲಿಸಿದ್ದೆ.

ಸಾವ್ಕಾರ್ರ ಕೋಣೆಗೆ ಓಡಿದೆ. ಅವರು ಪಟ್ಟಿಯನ್ನು ಆಗಲೇ ಓದಿಯಾಗಿತ್ತು. ಹಿಂದಿನ ತಿಂಗಳು ಒಂದು ಲಾರಿ ಅಕ್ಕಿ ಕರಿಕಾಳು ಇದೆಯೆಂದು ವಾಪಸ್ ಬಂದಿತ್ತು. ಅದು ಯಾರ ಮೊರದ್ದು ಎಂದು ಅವರಿಗೆ ಈಗ ಉತ್ತರ ಸಿಕ್ಕಿತ್ತು.

“ಸರ್, ಆ ಪರೀಕ್ಷಾ ಸರಿ ಇಲ್ಲ. ತಟ್ಟಿ ತಿರಗಾಕ ಬಿಟ್ಟಿದ್ರ ಅಕಿನ ಎಲ್ಲಾರಿಗಿಂತ ಮುಂದ ಇರ್ತಿದ್ಲು.”

“ಅದನ್ನ ಕಾಗದದಾಗ ಬರೀಬೇಕಿತ್ತಲ್ಲ ಮೇಡಂ” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವ ಹೇಳ್ರಿ, ಅಕಿಗೆ ಕಣ್ಣು ಪೂರಾ ಕಾಣ್ತಾವೇನು?”

ನಾನು ಇಲ್ಲವೆಂದು ತಲೆಯಾಡಿಸಿದೆ.

“ಇಪ್ಪತ್ತು ವರ್ಷ ಆತು ನಮ್ಮಲ್ಲಿ ಅಕಿ. ನಮ್ಮಮ್ಮನ ಕಾಲದಾಕಿ. ನನಗೂ ಸಂಕಟ ಐತಿ. ಆದ್ರ ಗೊತ್ತಾದ ಮ್ಯಾಲ ಹ್ಯಾಂಗ ಕೂಡ್ರಿಸಿಕೊಳ್ಳಲಿ?”

ಆ ವಾರದ ಕೊನೆಗೆ ಹುಲಿಗೆಮ್ಮ ಕೆಲಸ ಬಿಟ್ಟಳು. ಸಾವ್ಕಾರ್ರ ಹೆಂಡತಿ ಹೊಸ ಸೀರೆ, ಕುಬುಸದ ಬಟ್ಟೆ ಕೊಟ್ಟು ಕಳಿಸಿದರು. ಅವಳು ತನ್ನ ಮೊರವನ್ನು ಗೋಡೆಗೆ ಒರಗಿಸಿಟ್ಟು, ನನ್ನ ಹತ್ತಿರ ಬಂದು, “ನಾ ಎಷ್ಟು ಬಿಟ್ಟಿದ್ನೆವ್ವ?” ಎಂದು ಕೇಳಿದಳು. ನಾನು ಸಂಖ್ಯೆ ಹೇಳಿದೆ. ಅವಳು ನನ್ನ ಮುಖ ನೋಡಿ, “ಇರಾಕಿಲ್ಲ ಬಿಡು. ನಾ ಪೂರಾ ನೋಡಿದ್ನಿ” ಎಂದಳು.

ಅವಳನ್ನು ಬಳ್ಳಾರಿಗೆ ಕರೆದೊಯ್ದೆ. ಅದಾದರೂ ನನ್ನಿಂದಾಗಬೇಕು ಅನ್ನಿಸಿತ್ತು. ಬಸ್ಸು ತೆಕ್ಕಲಕೋಟೆ ದಾಟಿತು. ಹೊಲಗಳಲ್ಲಿ ಹುಲ್ಲು ಸುಡುತ್ತಿದ್ದರು, ಹೊಗೆ ರಸ್ತೆಗೆ ಅಡ್ಡ ಬಂದು ಬಸ್ಸು ನಿಧಾನವಾಗಿ ಸಾಗಿತು. ಕಣ್ಣಿನ ಆಸ್ಪತ್ರೆಯಲ್ಲಿ ಅವಳನ್ನು ಕತ್ತಲ ಕೋಣೆಯ ಒಂದು ಯಂತ್ರದ ಮುಂದೆ ಕೂರಿಸಿದರು. ಬಿಳಿಯ ಬೋಗುಣಿಯಂಥದ್ದು. ಅದರೊಳಗೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗ ಗುಂಡಿ ಒತ್ತಬೇಕು. ನನ್ನ ಮೊದಲ ಕೆಲಸದಲ್ಲಿ ಇಂಥವುಗಳ ದೀಪಗಳನ್ನು ಹೊಂದಿಸುತ್ತಾ ಕುಳಿತಿದ್ದವಳು ನಾನು.

ಮೊದಲ ಸುತ್ತು ಮುಗಿದಾಗ ಪರೀಕ್ಷೆ ಮಾಡುತ್ತಿದ್ದ ಹೆಣ್ಣುಮಗಳು ತಲೆ ಅಲ್ಲಾಡಿಸಿದಳು. “ಚುಕ್ಕಿ ಇಲ್ಲದಿದ್ದಾಗಲೂ ಒತ್ತಿದಾರ್ರಿ. ಯಂತ್ರ ಟಿಕ್ ಅಂದ್ರ ಸಾಕು, ಒತ್ತಿಬಿಡ್ತಾರ. ಮತ್ತ ಮಾಡಬೇಕು.”

ನಾನು ಬಗ್ಗಿ ಹುಲಿಗೆಮ್ಮನ ಕಿವಿಯಲ್ಲಿ, “ಯಕ್ಕಾ, ಕಂಡಾಗ ಅಷ್ಟ ಒತ್ತು” ಎಂದೆ.

“ಎಲ್ಲಾ ಕಂಡ್ರ ಸಾವ್ಕಾರ್ರು ಮತ್ತ ಕರೀತಾರೇನವ್ವ?” ಎಂದಳು ಅವಳು ಗಲ್ಲವನ್ನು ಯಂತ್ರಕ್ಕೆ ಆನಿಸಿಕೊಂಡೇ.

ನಾನು ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಅತ್ತೆ.

ಡಾಕ್ಟರು ವಯಸ್ಸಾದವರು, ಮೆತ್ತಗೆ ಮಾತಾಡುವವರು. ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡದಿಂದ ನರ ಒಣಗುತ್ತಾ ಬಂದಿದೆ, ಎರಡೂ ಕಣ್ಣಲ್ಲಿ. ಹೋದದ್ದು ಬರುವುದಿಲ್ಲ. ದಿನಾ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದು ಉಳಿದೀತು. “ಮನ್ಯಾಗ ಬೇರೆ ಯಾರಿಗಾದ್ರೂ ಹಿಂಗ ಆಗಿತ್ತೇನಮ್ಮ?” ಎಂದು ಕೇಳಿದರು. ತನ್ನ ತಾಯಿ ಕೊನೆಗಾಲಕ್ಕೆ ಗೋಡೆ ಹಿಡಿದು ಓಡಾಡುತ್ತಿದ್ದುದನ್ನು ಹುಲಿಗೆಮ್ಮ ಹೇಳಿದಳು. ಡಾಕ್ಟರು ನನ್ನ ಕಡೆ ತಿರುಗಿದರು. “ಇವರ ಮಕ್ಕಳಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು. ಮೊದಲೇ ಗೊತ್ತಾದರೆ ತಡೀಬಹುದು. ನೀವು ಓದಿದವರು, ನೀವು ನೋಡ್ಕೊಳ್ರಿ.”

ಹುಲಿಗೆಮ್ಮನಿಗೆ ಇದ್ದವಳು ಒಬ್ಬಳೇ ಮಗಳು, ಶರಣಮ್ಮ. ಕುರುಗೋಡಿಗೆ ಕೊಟ್ಟಿದ್ದರು. ಆಸ್ಪತ್ರೆಯಿಂದ ನೇರ ಅಲ್ಲಿಗೇ ಹೊರಟೆವು. ಇನ್ನು ಮೇಲೆ ಮಗಳ ಮನೆಯಲ್ಲೇ ಇರುವುದೆಂದು ಹುಲಿಗೆಮ್ಮ ದಾರಿಯಲ್ಲಿ ತೀರ್ಮಾನ ಮಾಡಿದಳು. ಕುರುಗೋಡಿನ ಬಂಡೆಗುಡ್ಡಗಳು ಕಾಣತೊಡಗಿದಾಗ ಅವಳು ನನ್ನ ಕೈ ಹಿಡಿದಳು.

“ಯವ್ವಾ, ಆ ಮನ್ಯಾಗ ಕಣ್ಣಿನ ಮಾತು ಎತ್ತಬ್ಯಾಡ. ಶರಣಿಗೆ ಏಳು ತಿಂಗಳು. ಎರಡು ಹೋಗಿ ಇದು ನಿಂತೈತಿ. ಅಕಿ ಅತ್ತಿ ಬಾಯಿ ನಿನಗ ಗೊತ್ತಿಲ್ಲ. ವಂಶದಾಗ ಕುರುಡು ಐತಿ ಅಂದ್ರ ನನ್ನ ಮಗಳನ್ನ ಉಳಿಸಂಗಿಲ್ಲ. ಹಡದು ಎದ್ದಮ್ಯಾಲ ನಾನ ಹೇಳ್ತೀನಿ.”

“ಮರೀಬ್ಯಾಡ ಯಕ್ಕಾ.”

“ನನ್ನ ಮಗಳು. ಮರೀತೀನೇನು?”

ಶರಣಮ್ಮ ತುಂಬುಬಸುರಿ. ತಾಯಿಯನ್ನು ಕಂಡು ಮುಖವರಳಿಸಿ, ನಮಗೆ ಮಂಡಕ್ಕಿ ಒಗ್ಗರಣೆ ಮಾಡಿ ತಂದಿಟ್ಟಳು. ಅವಳ ಅತ್ತೆ ಬಾಗಿಲಿಗೊರಗಿ ನಿಂತು, “ಡಾಕ್ಟ್ರು ಏನಂದ್ರು?” ಎಂದು ಕೇಳಿದಳು.

“ಪೊರಿ ಬಂದೈತಂತ. ವಯಸ್ಸಾತಲ್ಲ” ಎಂದಳು ಹುಲಿಗೆಮ್ಮ.

ಶರಣಮ್ಮ ನನ್ನ ಕಡೆ ನೋಡಿದಳು. “ಹೌದೇನ್ರಿ ಮೇಡಂ? ಪೊರಿ ಅಷ್ಟನ?”

ನಾನು ಹೌದೆಂದು ತಲೆಯಾಡಿಸಿದೆ. ಮಂಡಕ್ಕಿ ತಿಂದು ನೀರು ಕುಡಿದೆ. ಹೊರಗೆ ಬಂದಾಗ ನನಗೆ ಆದದ್ದು ದುಃಖವಲ್ಲ, ಹಗುರ. ಹೇಳುವ ಹೊಣೆಯನ್ನು ಅವಳು ತನ್ನ ಮೇಲೆ ತೆಗೆದುಕೊಂಡಿದ್ದಳು. ಆ ಹಗುರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೇಸಿಗೆಯ ಹೊತ್ತಿಗೆ ನಮ್ಮ ಯಂತ್ರ ಪೂರ್ತಿಯಾಯಿತು. ಪಡಸಾಲೆಯ ಉಳಿದ ಐವರಲ್ಲಿ ಇಬ್ಬರು ಮೂಟೆ ಹೊಲಿಯುವ ಕಡೆ ಹೋದರು, ಮೂವರು ಹೊಲದ ಕೆಲಸಕ್ಕೆ ಮರಳಿದರು. ನೀಲಿ ಬೆಳಕಿನ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿತು. ಅದರಲ್ಲಿ ನನ್ನ ಹೆಸರು, ನನ್ನ ಮೇಲಧಿಕಾರಿಯ ಹೆಸರು ಇವೆ. ಸಭೆಗಳಲ್ಲಿ ಅದರ ಬಗ್ಗೆ ಮಾತಾಡುವಾಗ “ಅನುಭವಿ ಕೆಲಸಗಾರರ ಗಮನಿಕೆಯಿಂದ” ಎಂದು ಒಂದು ಸಾಲು ಸೇರಿಸುತ್ತಿದ್ದೆ. ಆರು ತಿಂಗಳು ಹನಿ ಔಷಧಿಯನ್ನು ಕುರುಗೋಡಿಗೆ ನಾನೇ ಕಳಿಸಿದೆ. ಒಂದು ಸಲ ಫೋನಿನಲ್ಲಿ ಹುಲಿಗೆಮ್ಮ, “ಹೆಣ್ಣುಕೂಸು ಯವ್ವಾ, ಕಣ್ಣು ಇಷ್ಟಿಷ್ಟಗಲ ಅದಾವ” ಎಂದು ನಕ್ಕಳು. ಹೇಳಿದೆಯಾ ಎಂದು ಕೇಳಿದೆ. “ಹೇಳ್ತೀನಿ, ಹೇಳ್ತೀನಿ” ಎಂದಳು. ಆಮೇಲೆ ಮಹಾರಾಷ್ಟ್ರ, ಪಂಜಾಬು ಎಂದು ಯಂತ್ರದ ಹಿಂದೆ ತಿರುಗಿದೆ. ಅಪ್ಪ ತೀರಿಕೊಂಡರು. ಔಷಧಿ ಕಳಿಸುವುದು ಒಂದು ತಿಂಗಳು ತಪ್ಪಿತು, ಎರಡು ತಿಂಗಳು ತಪ್ಪಿತು. ಫೋನಿನ ನಂಬರು ಬದಲಾಗಿತ್ತು. ಹುಡುಕಿದ್ದರೆ ಸಿಗುತ್ತಿತ್ತು.

ಹೀಗೆ ಹನ್ನೊಂದು ವರ್ಷ.

ಈ ಸಲ ಗಾಜು ಬದಲಿಸುವ ಕೆಲಸ ಬೆಳಿಗ್ಗೆಯೇ ಮುಗಿಯಿತು. ಕುರುಗೋಡಿಗೆ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶರಣಮ್ಮ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕುಳಿತಿದ್ದಳು. ಕೂದಲು ಅಲ್ಲಲ್ಲಿ ನೆರೆತಿತ್ತು. ಗುರುತು ಹೇಳಿದ ಮೇಲೆ ಎದ್ದು ನಿಂತಳು.

“ಅವ್ವ ಹೋಗಿ ಮೂರು ವರ್ಷ ಆತ್ರಿ. ಕೊನೀಗೆ ಏನೂ ಕಾಣತಿರಲಿಲ್ಲ. ಆದ್ರೂ ಕುಂತಲ್ಲೆ ಅಕ್ಕಿ ಆರಿಸಿಕೊಡ್ತಿದ್ಲು, ಕೈಲೆ ಮುಟ್ಟಿ. ಅತ್ತಿನೂ ಹ್ವಾದ್ರು. ಒಳಗ ಬರ್ರಿ.”

ಒಳಗಿನಿಂದ ನೀರು ತಂದಳು. ನನ್ನ ಎಡಕ್ಕಿದ್ದ ಸ್ಟೂಲಿನ ಮೇಲೆ ಇಡಲು ಹೋಗಿ, ಅಂಚಿನಾಚೆ ಬರೀ ಗಾಳಿಯಲ್ಲಿ ಲೋಟ ಬಿಟ್ಟಳು. ನೀರು ನೆಲದ ತುಂಬ ಹರಿಯಿತು. “ಇತ್ತಿತ್ತಲಾಗ ಕೈಯಾಗಿಂದೆಲ್ಲಾ ಬೀಳ್ತಾವ ನೋಡ್ರಿ” ಎಂದು ನಗುತ್ತಾ ಬಟ್ಟೆ ತರಲು ಹೊರಟಳು.

“ಶರಣಮ್ಮ, ಕೂಡ್ರು” ಎಂದೆ. ಹೇಳಿದೆ. ಡಾಕ್ಟರು ಅಂದು ಅಂದದ್ದು, ಅವಳ ಅಜ್ಜಿಯದು, ಅವಳ ತಾಯಿಯದು, ಎಲ್ಲ. ಅವಳು ಒದ್ದೆ ನೆಲದ ಮೇಲೆಯೇ ಕುಳಿತು ಕೇಳಿದಳು. ಒದ್ದೆಯಾದ ಸೆರಗು ಹಿಂಡುತ್ತಾ, “ಅವ್ವ ಒಂದ ಮಾತು ಅಂತಿದ್ಲು. ವರ್ಷಕ್ಕೊಮ್ಮಿ ಬಳ್ಳಾರಿಗೆ ಹೋಗಿ ಕಣ್ಣು ತೋರಿಸ್ಕೊ ಅಂತ. ಯಾಕಂತ ಕೇಳಿದ್ರ ಬಾಯಿ ಬಿಡತಿರಲಿಲ್ಲ. ಮುದುಕಿ ಮಾತು ಅಂತ ನಾ ಕಿವಿಗೆ ಹಾಕ್ಕೊಳಲಿಲ್ಲ” ಎಂದಳು.

ಆಮೇಲೆ ತಲೆಯೆತ್ತಿ ನನ್ನ ಕಣ್ಣಿಗೇ ಕಣ್ಣಿಟ್ಟಳು.

“ಆವತ್ತು ನೀವೂ ಇಲ್ಲೆ ಕುಂತಿದ್ರಿ. ಪೊರಿ ಅಷ್ಟನ ಅಂತ ನಾ ನಿಮ್ಮನ್ನ ಕೇಳಿದ್ನಿ. ಗೊತ್ತಿತ್ತೇನ್ರಿ ನಿಮಗ?”

“ಗೊತ್ತಿತ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ನೆಲ ಒರೆಸಿದಳು. ಶಾಲೆಗೆ ಹೋಗಿ ಮಗಳು ಪವಿತ್ರಳನ್ನು ಕರೆತಂದಳು, ಸೀರೆ ಬದಲಿಸಿದಳು, ಬಾಗಿಲಿಗೆ ಬೀಗ ಹಾಕಿದಳು. “ನಡೀರಿ. ಇವತ್ತ ಹೋಗೂಣು. ಮೊದಲು ಇಕಿ ಕಣ್ಣು ನೋಡ್ಲಿ.” ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿತ್ತು. ಅವಳು ಮಗಳೊಂದಿಗೆ ಮುಂದಿನ ಸೀಟಿಗೆ ಹೋಗಿ ಕುಳಿತಳು.

ಬಳ್ಳಾರಿಯಲ್ಲಿ ಆ ಹಳೆಯ ಡಾಕ್ಟರು ಈಗಿಲ್ಲ, ಅವರ ಜಾಗದಲ್ಲಿ ಒಬ್ಬ ತರುಣಿ ಇದ್ದಾಳೆ. ಹುಡುಗಿಯ ಕಣ್ಣು ಸದ್ಯಕ್ಕೆ ಚೆನ್ನಾಗಿದೆ, ವರ್ಷಕ್ಕೊಮ್ಮೆ ತೋರಿಸಬೇಕು ಎಂದಳು. ಶರಣಮ್ಮನ ಎಡಗಣ್ಣಿನಲ್ಲಿ ಅರ್ಧದಷ್ಟು ಹೋಗಿದೆ, ಬಲಗಣ್ಣಿನಲ್ಲಿ ಈಗ ಶುರುವಾಗಿದೆ. “ನಾಲ್ಕೈದು ವರ್ಷ ಮೊದಲು ಬಂದಿದ್ದರೆ…” ಎಂದು ಮಾತು ಅಲ್ಲಿಗೇ ನಿಲ್ಲಿಸಿದಳು. ಶರಣಮ್ಮ ನನ್ನ ಕಡೆ ನೋಡಲಿಲ್ಲ. ಅವಳು ನೋಡಿದ್ದರೆ ಎಲ್ಲಿ ಮುಖ ಇಟ್ಟುಕೊಳ್ಳುತ್ತಿದ್ದೆನೋ ಗೊತ್ತಿಲ್ಲ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ, ಕಣ್ಣಿಗೆ ಬೀಳದ್ದನ್ನು ಬೀಳುವಂತೆ ಮಾಡುವ ಕೆಲಸ. ಇದೊಂದು ನನಗೆ ಮೊದಲ ದಿನವೇ ಕಂಡಿತ್ತು.

ಬಸ್ ನಿಲ್ದಾಣಕ್ಕೆ ಬಂದಾಗ ಇಳಿಹೊತ್ತು. ಊರ ಬಂಡೆಗುಡ್ಡಗಳ ಬಿಸಿ ಇನ್ನೂ ಆರಿರಲಿಲ್ಲ. ಕುರುಗೋಡಿನ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಪವಿತ್ರ ಮೊದಲು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದಳು. ಶರಣಮ್ಮ ಔಷಧಿಯ ಚೀಲವನ್ನು ಎದೆಗವಚಿಕೊಂಡು ಮೆಟ್ಟಿಲ ಹತ್ತಿರ ನಿಂತಳು. ನಾನು ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಮಾಡಿದಳು.

“ಮುಂದಿನ ತಿಂಗಳು ಮತ್ತ ಬರಬೇಕಂದ್ರಲ್ಲ ಡಾಕ್ಟ್ರು. ಅವರು ಹೇಳೋದು ನನಗ ಅರ್ಧ ತಿಳಿಯಂಗಿಲ್ಲ. ನೀವೂ ಬರ್ರಿ.” ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿದಳು. “ಬಂದು ಸುಮ್ಮನ ಕುಂದರಬ್ಯಾಡ್ರಿ.”